ಕಾಲಿಗೆ ನೀರು

ಫಿರೋಜಪುರ ಛಾವಣಿ, ಪಂಜಾಬ
೧೮ ಜುಲೈ ೧೯೮೨, ರವಿವಾರ

ತೀರ್ಥರೂಪ ಅಪ್ಪನವರ ಪಾದಕ್ಕೆ ಶಾರದಾಳ ನಮಸ್ಕಾರ.

ನಾವಿಬ್ಬರೂ ಆರಾಮ ಇದ್ದೇವೆ. ಇಲ್ಲಿಯ ಬಿಸಿಲು ಎಂಥದೆಂದರೆ ಹಪ್ಪಳ ಒಣಗಲು ಇಟ್ಟರೆ ಅಲ್ಲಿಯೇ ಸುಟ್ಟು ಬರುತ್ತದೆ. ನಿಮ್ಮ ಅಳಿಯ ಮಿಲಿಟರಿಯಲ್ಲಿದ್ದರೂ ಬಂದೂಕು ಮುಟ್ಟುವುದಿಲ್ಲ, ಗೋದಾಮಿನಲ್ಲಿ ಸಿಮೆಂಟಿನ ಚೀಲ ಮುಟ್ಟುತ್ತಾರೆ ಎಂದು ಅವ್ವನಿಗೆ ಇನ್ನೊಮ್ಮೆ ಹೇಳಿ. ಆಕೆ ಪ್ರತಿ ಕಾಗದದಲ್ಲೂ ಅದನ್ನೇ ಕೇಳುತ್ತಾಳೆ.

ಒಂದು ವಿಚಿತ್ರ ನಡೆಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬಾಜು ಮನೆಯಲ್ಲಿ ಬಚಿತ್ತರ್ ಸಿಂಗ್ ಎಂಬ ಸರದಾರರು ಇದ್ದಾರೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಕಳೆದ ರವಿವಾರ ನಮ್ಮಿಬ್ಬರನ್ನೂ ಫಿರೋಜಶಹಾ ಎಂಬ ಊರಿಗೆ ಕರೆದುಕೊಂಡು ಹೋದರು. ಸಿಖ್ಖರಿಗೂ ಇಂಗ್ರೇಜರಿಗೂ ಮೊದಲನೆಯ ಯುದ್ಧದಲ್ಲಿ ದೊಡ್ಡ ಕಾಳಗ ನಡೆದ ಜಾಗವದು. ಸ್ಮಾರಕ ಕಟ್ಟಿದ್ದಾರೆ, ತೋಪು ಇಟ್ಟಿದ್ದಾರೆ. ಸುತ್ತಲೂ ಬರೀ ಹೊಲ. ನಮ್ಮ ಶಲವಡಿಯ ಎರೆಹೊಲದ ಹಾಗೆ ಕಣ್ಣು ಹೋಗುವಷ್ಟು ದೂರ ಸಪಾಟು. "ಇಲ್ಲಿ ನಮ್ಮವರು ಗೆದ್ದೇಬಿಟ್ಟಿದ್ದರು, ಬೇಟಿ. ಓಡಿದವರು ಸಿಪಾಯಿಗಳಲ್ಲ, ಸೇನಾಪತಿಗಳು" ಎಂದರು ಮಾಸ್ತರರು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ತಿರುಗಿ ಬಂದ ಮೇಲೆ ಮಾಸ್ತರರು ಕಪಾಟಿನಿಂದ ಒಂದು ಬೆಳ್ಳಿಯ ಬಿಲ್ಲೆ ತೆಗೆದು ಕೈಯಲ್ಲಿಟ್ಟರು. ಅಪ್ಪಾ, ಅದು ನಮ್ಮ ಮೈಲಾರಲಿಂಗ! ಅದೇ ಕುದುರೆ, ಅದೇ ಸವಾರ, ಹಿಂದೆ ಅದೇ ಈಚಲ ಗಿಡ, ಮುಂದೆ ಬಾಗಿ ನಿಂತ ಅದೇ ಮಂದಿ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಕಣ್ಣಿಗೊತ್ತಿಕೊಂಡೆ. ಮಾಸ್ತರರ ಮುಖ ಒಂದು ತರಹ ಆಯಿತು. ಇದು ದೇವರಲ್ಲ, ಎರಡನೆಯ ಸಿಖ್ ಯುದ್ಧ ಮುಗಿದ ಮೇಲೆ ಇಂಗ್ರೇಜರು ತಮ್ಮ ಸಿಪಾಯಿಗಳಿಗೆ ಕೊಟ್ಟ ಪದಕ, ಕುದುರೆಯ ಮೇಲಿರುವವನು ಒಬ್ಬ ಇಂಗ್ರೇಜಿ ಜನರಲ್, ಮುಂದೆ ಬಾಗಿದವರು ಕತ್ತಿ ಕೆಳಗಿಡುತ್ತಿರುವ ಸಿಖ್ಖರು ಎಂದರು.

ನಮ್ಮ ದೇವರ ಜಗಲಿಯ ಬಿಲ್ಲೆಯ ಹಿಂದಿನ ಮಗ್ಗುಲಿಗೆ ಏನಿದೆ ಅಪ್ಪಾ? ನೀವು ಎಂದಾದರೂ ನೋಡಿದ್ದೀರಾ?

ನಿಮ್ಮ ಮಗಳು
ಶಾರದಾ

*

|| ಶ್ರೀ ಮೈಲಾರಲಿಂಗ ಪ್ರಸನ್ನ ||

ಶಲವಡಿ
೮ ಆಗಸ್ಟ್ ೧೯೮೨

ಚಿರಂಜೀವಿ ಶಾರದಾಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ನಿಮ್ಮವ್ವ ಬದನೆಕಾಯಿ ಎಣಗಾಯಿ ಮಾಡಿದ್ದಳು, ಹಾಗಾಗಿ ರುಚಿಸಿತು. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನ ಸರದಾರ ಮಾಸ್ತರ ದೊಡ್ಡ ಪಂಡಿತನೇ ಇರಲಿ. ಅವನ ಬಿಲ್ಲೆ ಅವನಿಗೆ, ನಮ್ಮ ದೇವರು ನಮಗೆ. ನಮ್ಮ ಮೈಲಾರಲಿಂಗ ಅಂಗಡಿಯಲ್ಲಿ ಕೊಂಡದ್ದಲ್ಲ, ಯಾರೂ ಕೊಟ್ಟದ್ದಲ್ಲ. ನನ್ನ ಅಜ್ಜನ ಅಜ್ಜ ಕುಬೇರಪ್ಪ ಹಳ್ಳದ ದಂಡೆಯ ಹೊಲದಲ್ಲಿ ಗಳೆ ಹೊಡೆಯುತ್ತಿದ್ದಾಗ ನೇಗಿಲಿಗೆ ಸಿಕ್ಕಿ, ಎತ್ತು ಮುಂದೆ ಹೋಗದೆ ನಿಂತು, ಮಣ್ಣು ಕೆದರಿದಾಗ ಕುದುರೆಯೇರಿ ಎದ್ದು ಬಂದ ದೇವರು. ಈ ಕಥೆಯನ್ನು ನೀನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೀ. ಬಾಗಿ ನಿಂತವರು ಮಣಿಮಲ್ಲ ದೈತ್ಯರು, ದೇವರ ಕೈಯಲ್ಲಿ ಸೋತವರು. ಐದು ತಲೆಮಾರು ದಿನಾ ಮುಂಜಾನೆ ನೀರು ಹಾಕಿದ್ದೇವೆ, ರವಿವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಅರಿಶಿನದ ಭಂಡಾರ ಏರಿಸಿದ್ದೇವೆ. ತಿಕ್ಕಿ ತಿಕ್ಕಿ ದೇವರ ಮೂಗು ಸವೆದಿದೆ. ಇಂಗ್ರೇಜನಾಗಿದ್ದರೆ ಇಷ್ಟು ಹೊತ್ತಿಗೆ ಒಮ್ಮೆಯಾದರೂ ಸೀನುತ್ತಿದ್ದ.

ಹಿಂದಿನ ಮಗ್ಗುಲನ್ನು ಯಾರೂ ನೋಡಿಲ್ಲ. ದೇವರ ಬೆನ್ನು ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆ ಕಾಲದ ಪತ್ತಾರ ಬಿಲ್ಲೆಯನ್ನು ತಾಮ್ರದ ತಟ್ಟೆಯ ಕುಳಿಯಲ್ಲಿ ಕೂರಿಸಿ, ಸುತ್ತಲೂ ಅರಗು ತುಂಬಿ ಭದ್ರ ಮಾಡಿದ್ದಾನೆ.

ಊರ ಸುದ್ದಿ ಏನೂ ಇಲ್ಲ. ಬಸ್ಸು ಈಗಲೂ ಅರ್ಧ ಮೈಲು ಆಚೆಯೇ ನಿಲ್ಲುತ್ತದೆ. ಅಣ್ಣಿಗೇರಿಯಲ್ಲಿ ಎರಡು ಅಂಗಿ ಹೊಲಿಸಿದೆ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ನಿಮ್ಮವ್ವ ನೋಡಿ ನಕ್ಕಳು, ನಾನು ನಗಲಿಲ್ಲ.

ಒಂದು ಮಾತು ಸುಮ್ಮನೆ ಕೇಳುತ್ತೇನೆ. ಆ ಬಿಲ್ಲೆಯ ನೆತ್ತಿಯ ಮೇಲೆ ಸಣ್ಣದೊಂದು ಗುಬುಟು ಇದೆಯೇ? ನಮ್ಮ ದೇವರಿಗೆ ಇದೆ. ಅದು ಛತ್ರದ ಗುರುತು ಎಂದು ನಮ್ಮಪ್ಪ ಹೇಳುತ್ತಿದ್ದ.

ನಿನ್ನ ಅಪ್ಪ
ಶಂಭುಲಿಂಗಪ್ಪ

*

ಫಿರೋಜಪುರ ಛಾವಣಿ
೨ ಸೆಪ್ಟೆಂಬರ್ ೧೯೮೨

ಅಪ್ಪನವರಿಗೆ ನಮಸ್ಕಾರ.

ಇದೆ ಅಪ್ಪಾ. ಪದಕಕ್ಕೆ ರಿಬ್ಬನ್ ಪೋಣಿಸುವ ಕೊಂಡಿ ಅಲ್ಲಿ ಕೂಡುತ್ತದಂತೆ. ಕೊಂಡಿ ಮುರಿದರೆ ಗುಬುಟು ಉಳಿಯುತ್ತದೆ.

ಈ ಕಾಗದ ಬರೆಯಬೇಕೋ ಬೇಡವೋ ಎಂದು ಎಂಟು ದಿನ ಒದ್ದಾಡಿದೆ. ನಿಮ್ಮ ಅಳಿಯ, "ನಿಮ್ಮಪ್ಪನ ದ್ಯಾವರನ್ನ ಕೆಣಕಬ್ಯಾಡ, ದೀಪಾವಳಿಗೆ ನನಗ ಊರಾಗ ಊಟಾ ಸಿಗೂದಿಲ್ಲ" ಎಂದರು. ಆದರೂ ಬರೆಯುತ್ತೇನೆ. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಅರಗುವುದಿಲ್ಲ, ಅದು ನಿಮ್ಮಿಂದಲೇ ಬಂದ ಗುಣ.

ಮಾಸ್ತರರನ್ನು ನಾನು ಕೇಳಿದೆ, ಪಂಜಾಬದ ಯುದ್ಧದ ಪದಕ ಧಾರವಾಡದ ಕಡೆಗೆ ಹೇಗೆ ಬರಲು ಸಾಧ್ಯ ಎಂದು. ಅವರು ಹೇಳಿದ್ದು ಇಷ್ಟು. ಎರಡನೆಯ ಯುದ್ಧದಲ್ಲಿ ಮುಲ್ತಾನದ ಕೋಟೆಗೆ ಮುತ್ತಿಗೆ ಹಾಕಲು ಮುಂಬಯಿ ಕಡೆಯ ಪಲಟಣಗಳೂ ಬಂದಿದ್ದವು. ಆಗ ನಮ್ಮ ಧಾರವಾಡವೂ ಮುಂಬಯಿಗೆ ಸೇರಿತ್ತಲ್ಲ. ೧೮೪೮ರ ಡಿಸೆಂಬರ್ ಕೊನೆಗೆ ಮುತ್ತಿಗೆಯ ತೋಪಿನ ಗುಂಡೊಂದು ಕೋಟೆಯೊಳಗಿನ ದೊಡ್ಡ ಮಸೂತಿಯ ಮೇಲೆ ಬಿತ್ತು. ಕೋಟೆಯವರು ಆ ಮಸೂತಿಯಲ್ಲಿ ಮದ್ದು ತುಂಬಿಟ್ಟಿದ್ದರು. ಮಸೂತಿಯೂ ಅದರ ಸುತ್ತಲಿದ್ದ ನೂರಾರು ಜನರೂ ಒಂದೇ ಏಟಿಗೆ ಆಕಾಶಕ್ಕೆ ಹಾರಿದರಂತೆ. ಹೊರಗೆ ಮುತ್ತಿಗೆ ಹಾಕಿದವರು ಜಯಘೋಷ ಮಾಡಿದರಂತೆ.

ಮುಂದೆ ಮೂರು ತಿಂಗಳಿಗೆ ಯುದ್ಧ ಮುಗಿಯಿತು. ಸಿಖ್ ಸಿಪಾಯಿಗಳು ಒಬ್ಬೊಬ್ಬರಾಗಿ ಬಂದು ಕತ್ತಿ ಬಂದೂಕು ರಾಶಿಗೆ ಹಾಕಿದರು. "ಇವತ್ತು ರಣಜಿತ್ ಸಿಂಗ್ ಸತ್ತ" ಎಂದು ಮುದುಕರು ಅತ್ತರಂತೆ. ಅವರ ಮಹಾರಾಜ ಸತ್ತು ಹತ್ತು ವರ್ಷವಾಗಿತ್ತು. ಮಾಸ್ತರರ ಮುತ್ತಜ್ಜ ಆ ಸಾಲಿನಲ್ಲಿ ಇದ್ದರು. "ಹಾಗಿದ್ದರೆ ಈ ಪದಕ ಮನೆಯಲ್ಲಿ ಏಕೆ ಇಟ್ಟಿದ್ದೀರಿ?" ಎಂದೆ. ಅಮೃತಸರದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. "ನಮ್ಮ ಮುತ್ತಜ್ಜನ ಬೇರೆ ಚಿತ್ರ ನಮ್ಮಲ್ಲಿಲ್ಲ, ಬೇಟಿ. ಬಾಗಿದವರಲ್ಲಿ ಒಬ್ಬ ಅವನೇ ಎಂದುಕೊಂಡು ನೋಡುತ್ತೇನೆ. ಕುದುರೆಯವನನ್ನು ಹೆಬ್ಬೆರಳಿನಿಂದ ಮುಚ್ಚುತ್ತೇನೆ" ಎಂದರು.

ಅಪ್ಪಾ, ಪದಕದ ಅಂಚಿನ ಮೇಲೆ ಸುತ್ತಲೂ ಸಿಪಾಯಿಯ ಹೆಸರನ್ನೂ ಅವನ ಪಲಟಣದ ಹೆಸರನ್ನೂ ಇಂಗ್ರೇಜಿಯಲ್ಲಿ ಒತ್ತಿರುತ್ತಾರಂತೆ. ನಮ್ಮ ಬಿಲ್ಲೆಯ ಅಂಚು ಅರಗಿನೊಳಗೆ ಇದೆ. ಹೆಸರು ಇರದಿದ್ದರೆ ನಾನು ಸೋತೆ, ನಿಮ್ಮ ದೇವರ ಮುಂದೆ ಮೂಗು ತಿಕ್ಕುತ್ತೇನೆ.

ಸಿಟ್ಟಾಗಬೇಡಿ.

ಶಾರದಾ

*

ಶಲವಡಿ
೨೯ ಅಕ್ಟೋಬರ್ ೧೯೮೨

ಶಾರದಾ,

ಮೇಲೆ ದೇವರ ಹೆಸರು ಬರೆದಿಲ್ಲ ಎಂದು ನೀನು ಗಮನಿಸಿರುತ್ತೀ. ಬರೆಯಲು ಕೈ ಹೋಯಿತು, ಏನು ಬರೆಯಬೇಕೆಂದು ತಿಳಿಯದೆ ತಿರುಗಿ ಬಂತು.

ಎರಡು ತಿಂಗಳು ನಾನು ನಿನ್ನ ಕಾಗದವನ್ನು ಗೋಡೆಯ ಮಾಡದಲ್ಲಿ ದೀಪದ ಹಿಂದೆ ಇಟ್ಟಿದ್ದೆ. ದಸರೆಯ ಖಂಡೇಪೂಜೆಯ ದಿನ ಕುಡ, ಕುಡಗೋಲು, ದೇವರ ಸಾಮಾನು ಎಲ್ಲವನ್ನೂ ಕೆಳಗಿಳಿಸಿ ತೊಳೆಯುವುದು ಇದ್ದೇ ಇದೆ. ಹೊತ್ತೇರಿದ ಮೇಲೆ ಅಂಗಳದಲ್ಲಿ ಕೂತು, ತಟ್ಟೆಯನ್ನು ಬಿಸಿಲಿಗೆ ಇಟ್ಟು, ಅರಗು ಮೆತ್ತಗಾದ ಮೇಲೆ ಕುರ್ಪಿಯ ಮೊನೆಯಿಂದ ದೇವರನ್ನು ಎಬ್ಬಿಸಿದೆ. ನಿಮ್ಮವ್ವ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. "ಬ್ಯಾಡ್ರಿ, ಬಿಡ್ರಿ" ಎಂದಳು. ಬಿಡಲಿಲ್ಲ.

ಬೆನ್ನಿನ ಮೇಲೆ ಒಂದು ಹೆಂಗಸಿನ ಮುಖ ಇದೆ. ಮುಡಿ ಕಟ್ಟಿದ್ದಾಳೆ, ಮೂಗು ಸವೆದಿಲ್ಲ. ಹಳೆ ರೂಪಾಯಿಯ ಮೇಲಿನ ರಾಣಿಯೇ ಅವಳು. ನಮ್ಮವ್ವ ಗಂಟು ಕಟ್ಟಿ ಇಟ್ಟಿದ್ದ ರೂಪಾಯಿಗಳಲ್ಲಿ ಅವಳನ್ನು ನೂರು ಸಲ ನೋಡಿದ್ದೇನೆ. ನಿಮ್ಮವ್ವ, "ಗಂಗಿಮಾಳವ್ವ ಇರಬೇಕು, ಗಂಡನ ಬೆನ್ನಿಗೆ ಕುಂತಾಳ" ಎಂದಳು. ಆಮೇಲೆ ಒಳಗೆ ಹೋದವಳು ಇವತ್ತಿನ ತನಕ ನನ್ನೊಡನೆ ಸರಿಯಾಗಿ ಮಾತಾಡಿಲ್ಲ.

ಅಂಚಿನ ಮೇಲೆ ಅಕ್ಷರ ಇವೆ. ಅರಗಿನೊಳಗೆ ಇದ್ದುದರಿಂದ ಒಂದೂ ಸವೆದಿಲ್ಲ. ನಾನು ಮುಲ್ಕಿ ಪರೀಕ್ಷೆ ಪಾಸಾದವನು, ಕನ್ನಡ, ಮೋಡಿ ಲಿಪಿ ಎರಡೂ ಓದುತ್ತೇನೆ, ಇಂಗ್ರೇಜಿ ನನಗೆ ಬಾರದು. ಊರಲ್ಲಿ ಓದುವವರಿದ್ದಾರೆ, ಆದರೆ ಇದನ್ನು ಯಾರ ಕೈಗೆ ಕೊಡಲಿ? ತೆಳು ಕಾಗದ ಸುತ್ತಿ ಮೇಲೆ ಸೀಸದಕಡ್ಡಿ ತಿಕ್ಕಿದೆ. ಅಕ್ಷರ ಮೂಡಿವೆ. ಆ ಕಾಗದವನ್ನೇ ಇದರೊಳಗೆ ಇಟ್ಟಿದ್ದೇನೆ.

ಬಿಲ್ಲೆಯನ್ನು ತಿರುಗಿ ಕುಳಿಯಲ್ಲಿ ಇಟ್ಟೆ. ಅರಗು ಇಲ್ಲದ್ದರಿಂದ ಅಲುಗುತ್ತದೆ. ಮುಂಜಾನೆ ನೀರು ಹಾಕುವಾಗ ಅದು ಟಕ್ ಎಂದು ಸಪ್ಪಳ ಮಾಡಿತು. ಐದು ತಲೆಮಾರಿನಲ್ಲಿ ನಮ್ಮ ದೇವರು ಆಡಿದ ಮೊದಲನೆಯ ಮಾತು ಅದು, ಮತ್ತು ಅದು ಏನೆಂದು ನನಗೆ ತಿಳಿಯಲಿಲ್ಲ. ನೀರು ಹಾಕಿದೆ. ಭಂಡಾರ ಏರಿಸುವಾಗ ಮಾತ್ರ ಕೈ ತಡೆಯಿತು. ನಾನು ಇಷ್ಟು ವರ್ಷ ಯಾರಿಗೆ ಕೈ ಮುಗಿದೆ ಶಾರದಾ? ಓದಿದವಳು ನೀನು, ನೀನೇ ಹೇಳು.

ಅಪ್ಪ

*

ಫಿರೋಜಪುರ ಛಾವಣಿ
೧೫ ನವೆಂಬರ್ ೧೯೮೨, ದೀಪಾವಳಿ ಅಮಾವಾಸ್ಯೆ

ಅಪ್ಪನವರಿಗೆ ನಮಸ್ಕಾರ.

ನಾನೂ ಓದಿದೆ, ನಿಮ್ಮ ಅಳಿಯನೂ ಓದಿದರು, ಮಾಸ್ತರರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಅಂಚಿನ ಮೇಲಿರುವುದು ಇಷ್ಟೇ: "ಸಿಪಾಯಿ ಮೆಹಬೂಬ, ಹತ್ತೊಂಬತ್ತನೆಯ ಪಲಟಣ, ಮುಂಬಯಿ."

ಅಪ್ಪಾ, ನಮ್ಮ ಊರಿನಿಂದ ಕಂಪನಿಯ ಪಲಟಣಕ್ಕೆ ಹೋದವನು ಒಬ್ಬನೇ ಎಂದು ನೀವೇ ಹೇಳುತ್ತಿದ್ದಿರಿ. ನಮಗೆಲ್ಲ ಬಟ್ಟೆ ಹೊಲಿಯುತ್ತಿದ್ದ ಫಕ್ರು ಕಾಕಾನ ಅಜ್ಜನ ಅಜ್ಜ, ಮಾಬುಸಾಬ; ಮೆಹಬೂಬ ಎಂಬುದು ನಮ್ಮೂರ ಬಾಯಲ್ಲಿ ಮಾಬು. ಎಲ್ಲಿಯದೋ ದೂರದ ಯುದ್ಧಕ್ಕೆ ಹೋಗಿದ್ದ, ಮೈಮೇಲೆ ಪಲಟಣದ ಕೋಟಿಲ್ಲದೆ, ಕೈಯಲ್ಲಿ ಏನೂ ಇಲ್ಲದೆ ಬಂದ, ಕೇಳಿದವರಿಗೆ ಏನೂ ಹೇಳಲಿಲ್ಲ. ಯುದ್ಧದಿಂದ ಓಡಿ ಬಂದಿದ್ದಾನೆ ಎಂದು ಊರು ತೀರ್ಮಾನ ಮಾಡಿತು. ಅಂದಿನಿಂದ ಅವರದು "ಓಡಿಬಂದವರ ಮನೆ". ಹಳ್ಳದ ದಂಡೆಯ ಹೊಲ ಆಗ ಅವರದೇ ಆಗಿತ್ತು, ನಮ್ಮವರಿಗೆ ಬಂದದ್ದು ಆಮೇಲೆ. ಇದೂ ನೀವೇ ಹೇಳಿದ್ದು.

ಓಡಿ ಹೋದ ಸಿಪಾಯಿಗೆ ಪದಕ ಕೊಡುತ್ತಿದ್ದರೇ ಎಂದು ಮಾಸ್ತರರನ್ನು ಕೇಳಿದೆ. "ಯುದ್ಧ ಮುಗಿದು ಬಹಳ ದಿನಗಳ ಮೇಲೆ, ಪಟ್ಟಿ ನೋಡಿ ಕೊಟ್ಟದ್ದು. ಓಡಿದವನ ಹೆಸರು ಪಟ್ಟಿಯಲ್ಲಿ ಹೇಗೆ ಇರುತ್ತದೆ?" ಎಂದರು. ಅವನು ಕೊನೆಯ ತನಕ ಇದ್ದ ಅಪ್ಪಾ. ಪದಕ ತೆಗೆದುಕೊಂಡು ಬಂದು ತನ್ನ ಹೊಲದಲ್ಲಿ ತಾನೇ ಹುಗಿದಿರಬೇಕು. ಏಕೆ ಎಂದು ಗೊತ್ತಿಲ್ಲ.

ಇನ್ನೊಂದನ್ನು ಬರೆಯಲೇಬೇಕು. ಆರು ವರ್ಷದ ಹಿಂದೆ ಬಸ್ಸು ನಿಮ್ಮ ಓಣಿಯ ತುದಿಗೆ ನಿಲ್ಲಬೇಕೋ ಮಸೂತಿಯ ಮುಂದೆ ನಿಲ್ಲಬೇಕೋ ಎಂಬ ಜಗಳ ನಡೆದ ದಿನ ನಾನು ಫಕ್ರು ಕಾಕಾನ ಮಗಳು ನಸೀಮಾಳ ಜೊತೆ ಬಾವಿಯ ಹತ್ತಿರ ನಿಂತಿದ್ದೆ. ನೀವು ಚಾವಡಿಯ ಕಟ್ಟೆಯ ಮೇಲೆ ಎದ್ದು ನಿಂತು ಎಲ್ಲರೆದುರಿಗೆ ಫಕ್ರು ಕಾಕಾನಿಗೆ, "ಓಡಿಬಂದವರ ರಕ್ತ ನಿಂದು. ಊರು ನಿಮಗ ಕಾಲಿಗೆ ನೀರ ಕೊಡಲಿಲ್ಲ, ನೀ ಊರಿಗೆ ಬುದ್ಧಿ ಹೇಳ್ತೀ ಏನಲೇ?" ಎಂದಿರಿ. ಹೊರಗಿನಿಂದ ಬಂದವನಿಗೆ, ಅವನು ವೈರಿಯಾದರೂ, ಮೊದಲು ಕಾಲಿಗೆ ನೀರು ಕೊಡುತ್ತೇವೆ. ಮಾಬುಸಾಬ ಬಂದ ದಿನ ಒಂದು ಮನೆಯವರೂ ತಂಬಿಗೆ ಹಿಡಿದು ಹೊರಗೆ ಬರಲಿಲ್ಲ ಎಂಬುದು ಅವರ ಮನೆಯ ಹಳೆಯ ಗಾಯ. ನೀವು ಸರಿಯಾಗಿ ಅಲ್ಲಿಯೇ ಚುಚ್ಚಿದಿರಿ. ಫಕ್ರು ಕಾಕಾ ಕಟ್ಟೆ ಇಳಿದು ಹೋದ. ನಸೀಮಾ ಕೊಡ ಬಿಟ್ಟು ಹೋದಳು. ಅವಳ ಲಗ್ನಕ್ಕೂ ನಮ್ಮನ್ನು ಕರೆಯಲಿಲ್ಲ.

ನೀವು ಆ ಮಾತು ಆಡುವಾಗ ಸಾಕ್ಷಿ ನಮ್ಮ ಜಗಲಿಯ ಮೇಲೇ ಇತ್ತು. ಫಕ್ರು ಕಾಕಾನಿಗೆ ಹೇಳಿ ಅಪ್ಪಾ.

ಶಾರದಾ

*

ಶಲವಡಿ
೯ ಜನವರಿ ೧೯೮೩

ಶಾರದಾಳಿಗೆ,

ಇತ್ತ ಕಡೆ ಮಳೆ ಬೆಳೆ ನೆಟ್ಟಗಿದೆ. ಬಿಳಿಜೋಳ ತೆನೆ ಬಿಟ್ಟಿದೆ, ಕಡಲೆ ಕಾಯಿ ಹಿಡಿದಿದೆ. ನಿನ್ನ ತಮ್ಮ ಹಸಿ ತೆನೆ ಸುಟ್ಟು ತಿನ್ನುವ ಸೀತನಿಗೆ ಕರೆಯುವವರನ್ನು ಈಗಲೇ ಎಣಿಸುತ್ತಿದ್ದಾನೆ. ಎಮ್ಮೆ ಈದಿದೆ, ಹೆಣ್ಣುಗರು.

ಆ ವಿಷಯ ಬರೆಯಬೇಡ ಎಂದು ಬರೆಯಲು ಕೂತೆ. ಹಾಗೆ ಬರೆಯಲಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನು ನಿನಗೆ ಎಷ್ಟು ಸಲ ಹೇಳಿದ್ದೇನೆ. ಹೇಳುವುದು ಸುಲಭ.

ಫಕ್ರುನ ಮನೆಗೆ ಮೂರು ಸಲ ಹೊರಟೆ. ಒಮ್ಮೆ ಮಸೂತಿಯ ಮೂಲೆಯ ತನಕ ಹೋದೆ, ಅಲ್ಲಿಂದ ಅವನ ಹೊಲಿಗೆ ಯಂತ್ರದ ಸಪ್ಪಳ ಕೇಳಿಸಿತು, ತಿರುಗಿ ಬಂದೆ. ಒಮ್ಮೆ ಅವನೇ ಎದುರಿಗೆ ಬಂದ, ನನ್ನ ಅಂಗಿಯ ತೋಳು ನೋಡಿದ, ಆಚೆ ನೋಡಿಕೊಂಡು ಹೋದ. ಬೇರೆ ಟೇಲರ್ ಹೊಲಿದದ್ದನ್ನು ಅವನು ಒಂದು ಗಾವುದ ದೂರದಿಂದ ಗುರುತು ಹಿಡಿಯುತ್ತಾನೆ. ಮೂರನೆಯ ಸಲ ಏಕೆ ತಿರುಗಿದೆ ಎಂದು ನನಗೇ ಗೊತ್ತಿಲ್ಲ.

ಬಿಸಿ ತುಪ್ಪ ಬಾಯಿಗೆ ಬಿದ್ದಿದೆ. ಹೇಳಿದರೆ ನಮ್ಮ ಮನೆಯ ದೇವರು ಹೋಗುತ್ತಾನೆ, ನಾನು ಊರೆದುರಿಗೆ ಸುಳ್ಳನಾಗುತ್ತೇನೆ. ಹೇಳದಿದ್ದರೆ ಅವನ ಹಿರಿಯನ ಹೆಸರನ್ನು ಅರಗಿನಲ್ಲಿ ಮುಚ್ಚಿಟ್ಟು ಪೂಜೆ ಮಾಡುವ ಕಳ್ಳನಾಗುತ್ತೇನೆ. ಗೊತ್ತಿಲ್ಲದೆ ಇಟ್ಟುಕೊಂಡದ್ದು ಬೇರೆ, ಗೊತ್ತಾಗಿ ಇಟ್ಟುಕೊಳ್ಳುವುದು ಬೇರೆ. ಬಿಲ್ಲೆ ದಿನಾ ಮುಂಜಾನೆ ಟಕ್ ಎನ್ನುತ್ತದೆ. ನನಗೆ ಹೆದರಿಕೆಯಾಗುತ್ತದೆ ಶಾರದಾ, ಈ ವಯಸ್ಸಿನಲ್ಲಿ.

ನಿಮ್ಮವ್ವ ಈಗ ಮಾತಾಡುತ್ತಾಳೆ. ಆಡುವುದು ಒಂದೇ ಮಾತು, "ಹೋಗಿ ಬರ್ರಿ."

ಅಪ್ಪ

*

ಶಲವಡಿ
೮ ಫೆಬ್ರುವರಿ ೧೯೮೩

ಶಾರದವ್ವ ಬೇಟಿಗೆ ನಿನ್ನ ಫಕ್ರು ಕಾಕಾನ ದುವಾ.

ನನ್ನ ಅಕ್ಷರ ನಿನಗೆ ನೆನಪಿರಲಿಕ್ಕಿಲ್ಲ. ನಿನ್ನ ಶಾಲೆಯ ಲಂಗದ ಅಳತೆ ಬರೆದುಕೊಳ್ಳುತ್ತಿದ್ದೆನಲ್ಲ, ಅದೇ ಅಕ್ಷರ. ವಿಳಾಸ ನಿಮ್ಮವ್ವನಿಂದ ತೆಗೆದುಕೊಂಡೆ.

ಮೊನ್ನೆ ರವಿವಾರ ನಿಮ್ಮಪ್ಪ ಬಂದಿದ್ದ. ನಾನು ಯಂತ್ರದ ಮೇಲೆ ಕೂತಿದ್ದೆ. ನನ್ನ ಹೆಂಡತಿ ಖಾದರಬಿ ಹೊರಗಿನಿಂದ, "ಶಂಭಣ್ಣ ಬಂದಾನ್ರಿ, ಟವೆಲ್ಲಿನಾಗ ಏನೋ ಮುಚಗೊಂಡಾನ" ಎಂದಳು. ನಾನು ಕಾಲು ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಹೊಲಿದೆ. ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ, "ಫಕ್ರ್ಯಾ, ನಾ ತಪ್ಪು ಮಾತಾಡಿದ್ದೆ" ಎಂದ.

"ಯಾವಾಗ?" ಎಂದೆ.

"ನಿನಗ ಗೊತ್ತೈತಿ."

"ನನಗ ಗೊತ್ತೈತಿ. ನಿನಗ ಗೊತ್ತಾಗಾಕ ಆರ ವರ್ಷ ಬೇಕಾತೇನು?"

ಅವನು ಟವೆಲ್ಲು ಬಿಚ್ಚಿ ತಟ್ಟೆಯನ್ನು ಬಟ್ಟೆಗಳ ಮೇಲೆ ಇಟ್ಟ. ನಿನ್ನ ಕಾಗದಗಳನ್ನು ಒಂದೊಂದಾಗಿ ಓದಿ ಹೇಳಿದ. ಅಂಚಿನ ಮೇಲಿನ ಹೆಸರಿನ ಮೇಲೆ ನನ್ನ ಬೆರಳು ಹಿಡಿದು ಆಡಿಸಿದ. ಬೇಟಿ, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೊದಲು ಬಂದದ್ದು ಸಿಟ್ಟು. "ಆರ ವರ್ಷ ಆದ ಮ್ಯಾಲೆ ನಮ್ಮ ಮುತ್ಯಾನ್ನ ನನಗ ಕೊಡಾಕ ಬಂದಿ ಏನಲೇ? ಇಂವ ಓಡಿ ಬಂದಿಲ್ಲಂತ ಬಿಲ್ಲೆ ಹೇಳಬೇಕಿತ್ತೇನು ನಿನಗ? ನಾ ಹೇಳಿದ್ದು ಸಾಲದಾತೇನು?" ಎಂದು ಒದರಿದೆ. ಅವನು ತಲೆ ಕೆಳಗೆ ಹಾಕಿ ನಿಂತ. ಅವನು ತಲೆ ಕೆಳಗೆ ಹಾಕಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಇಲ್ಲಿ ಹೇಳಿದ್ದು ಸಾಕಾಗೂದಿಲ್ಲ. ಎಲ್ಲಿ ಅಂದಿದ್ದೆ ಅಲ್ಲೇ ಅನಬೇಕು ನೀ" ಎಂದೆ. ಹೂಂ ಎಂದ.

ಚಾವಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಇದ್ದರು. ನಿಮ್ಮಪ್ಪ ಆ ದಿನ ನಿಂತಿದ್ದ ಜಾಗದಲ್ಲೇ ನಿಂತು, ಮಾಬುಸಾಬ ಓಡಿ ಬಂದಿಲ್ಲ, ಕೊನೆಯ ತನಕ ಇದ್ದು ಪದಕ ತೆಗೆದುಕೊಂಡು ಬಂದವನು, ನಾನು ಸುಳ್ಳು ಆಡಿದ್ದೆ, ಸಾಕ್ಷಿ ನನ್ನ ಮನೆಯ ಜಗಲಿಯ ಮೇಲೇ ಇತ್ತು ಎಂದು ಗಟ್ಟಿಯಾಗಿ ಹೇಳಿದ. ಅವರಲ್ಲೊಬ್ಬ ಮೈಲಾರಪ್ಪ ನಕ್ಕು, "ಹಂಗಾರ ಶಂಭುಲಿಂಗಪ್ಪ, ಇಷ್ಟ ದಿನಾ ನೀ ಪೂಜಿ ಮಾಡಿದ್ದು ಯಾರನ್ನ? ಸಾಬನ್ನೋ, ಸಾಹೇಬನ್ನೋ?" ಎಂದು ಕೇಳಿದ. ಎಲ್ಲರೂ ನಕ್ಕರು. ನಿಮ್ಮಪ್ಪನ ಮಾತಿಗೆ ಆ ದಿನ ನಕ್ಕವರೂ ಇವರೇ. ನಾನು ಅವನ ಬಾಜು ಹೋಗಿ ನಿಂತೆ. ಏಕೆ ನಿಂತೆ ಎಂದು ಕೇಳಬೇಡ, ಕಾಲು ಹೋದವು.

ಬಿಲ್ಲೆಯನ್ನು ಇಟ್ಟುಕೋ ಎಂದು ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ. "ಇಷ್ಟು ಭಂಡಾರ ಹತ್ತಿದ್ದನ್ನ ನಾ ಎಲ್ಲಿಡ್ಲಿ?" ಎಂದೆ. "ಇಷ್ಟು ದೊಡ್ಡ ಹೆಸರ ಇದ್ದದ್ದನ್ನ ನಾ ಎಲ್ಲಿಡ್ಲಿ?" ಎಂದ ಅವನು. ಸದ್ಯ ಅವನಲ್ಲೇ ಇದೆ. ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯದು.

ಬೇಟಿ, ನಿನ್ನ ಕಾಗದದಲ್ಲಿ ಮುಲ್ತಾನದ ಮಸೂತಿಯ ಮಾತು ಇದೆಯಲ್ಲ. ಅದನ್ನು ನಿಮ್ಮಪ್ಪ 'ತೋಪಿನ ಗುಂಡು ಬಿತ್ತು, ಜಯಘೋಷ ಮಾಡಿದರು' ಎಂದು ಓದಿ ಮುಂದೆ ಹೋದ. ನಾನು ತಡೆದು ಇನ್ನೊಮ್ಮೆ ಓದಿಸಿದೆ. ನಮ್ಮ ಮನೆಯಲ್ಲಿ ಒಂದು ಮಾತು ಇದೆ, ಊರಿಗೆ ಗೊತ್ತಿಲ್ಲ. ಮಾಬುಸಾಬ ಊರಿಗೆ ಬಂದ ಮೇಲೆ ಸಾಯುವ ತನಕ ಮಸೂತಿಯ ಒಳಗೆ ಕಾಲಿಡಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಂತು ನಮಾಜು ಮಾಡುತ್ತಿದ್ದ. ಒಳಗೆ ಬಾ ಎಂದರೆ, "ನನ್ನ ಕಾಲಿಗೆ ಮಣ್ಣು ಹತ್ತೇತಿ" ಎನ್ನುತ್ತಿದ್ದನಂತೆ. ಓಡಿಬಂದ ನಾಚಿಕೆಗೆ ಹಾಗೆ ಎಂದು ನಮ್ಮವರೂ ತಿಳಿದಿದ್ದರು. ನಾನೂ ತಿಳಿದಿದ್ದೆ. ಅದು ಮುಲ್ತಾನದ ಆ ಮಸೂತಿಯ ಮಣ್ಣು ಎಂದು ಈಗ ಅನ್ನಿಸುತ್ತದೆ. ನಾನೂ ಅವನನ್ನು ನಂಬಿರಲಿಲ್ಲ. ನಿಮ್ಮಪ್ಪನ ಮೇಲೆ ಒದರಿದ್ದೆನಲ್ಲ, ಅದಕ್ಕೇ ಅಷ್ಟು ಜೋರು ಒದರಿದ್ದು.

ಅವನು ಸಾಯುವ ಮುಂದೆ ಹೇಳಿದ್ದು ಒಂದೇ ಮಾತಂತೆ. "ನಾ ಓಡಿ ಬಂದಿಲ್ಲ, ನಡಕೊಂತ ಬಂದೀನಿ."

ನಸೀಮಾ ಹುಬ್ಬಳ್ಳಿಯಲ್ಲಿ ಆರಾಮ ಇದ್ದಾಳೆ. ಅವಳಿಗೂ ಒಂದು ಕಾಗದ ಬರಿ.

ಫಕ್ರುಸಾಬ

*

|| ಶ್ರೀ ಮೈಲಾರಲಿಂಗ ಪ್ರಸನ್ನ ||

ಶಲವಡಿ
೨೭ ಫೆಬ್ರುವರಿ ೧೯೮೩, ರವಿವಾರ

ಚಿರಂಜೀವಿ ಶಾರದಾಳಿಗೆ ಅಪ್ಪನ ಆಶೀರ್ವಾದ.

ಮೇಲೆ ಬರೆದಿದ್ದೇನೆ ನೋಡು. ಸರಿಯೋ ತಪ್ಪೋ ಗೊತ್ತಿಲ್ಲ, ಕೈ ತಾನೇ ಬರೆಯಿತು, ಬಿಟ್ಟೆ.

ಇವತ್ತು ಮುಂಜಾನೆ ಫಕ್ರು ಮನೆಗೆ ಬಂದ. ಬಗಲಲ್ಲಿ ಒಂದು ಗಂಟು ಇತ್ತು. "ಇದನ್ನ ಹಾಕ್ಕೋ, ಆ ಅಣ್ಣಿಗೇರಿ ಅಂಗಿ ನೋಡಿ ನೋಡಿ ನನ್ನ ಕಣ್ಣು ನೋಯಾಕತ್ತಾವು" ಎಂದ. ಅಳತೆ ತೆಗೆದುಕೊಂಡಿರಲಿಲ್ಲ, ಆದರೂ ತೋಳು ಸರಿಯಾಗಿ ಕೂತಿದೆ.

ಅವನು ಅಂಗಳಕ್ಕೆ ಬಂದಾಗ ನಿಮ್ಮವ್ವ ತಂಬಿಗೆಯಲ್ಲಿ ನೀರು ತುಂಬಿಕೊಂಡು ಓಡಿ ಬಂದಳು. ನಾನು ಅವಳ ಕೈಯಿಂದ ತಂಬಿಗೆ ಇಸಿದುಕೊಂಡು ನಾನೇ ಕೊಟ್ಟೆ. ಫಕ್ರು ತಂಬಿಗೆ ನೋಡಿದ, ನನ್ನ ಮುಖ ನೋಡಿದ. ಕಾಲು ತೊಳೆದುಕೊಂಡ. ಬಹಳ ಹೊತ್ತು ತೊಳೆದುಕೊಂಡ.

ಆಮೇಲೆ ಪಡಸಾಲೆಯಲ್ಲಿ ಕೂತ. ದೇವರ ಮನೆಯ ಬಾಗಿಲು ಅಲ್ಲಿಂದ ಕಾಣುತ್ತದೆ. ಪೂಜೆಯ ಹೊತ್ತಾಗಿತ್ತು, ನಾನು ಜಗಲಿಯ ಮುಂದೆ ತಂಬಿಗೆ ಹಿಡಿದು ಸುಮ್ಮನೆ ಕೂತಿದ್ದೆ. ಪತ್ತಾರನಿಗೆ ಹೇಳಿ ಬಿಲ್ಲೆಯನ್ನು ಮತ್ತೆ ತಟ್ಟೆಗೆ ಕೂರಿಸಿದ್ದೇನೆ. ಈ ಸಲ ಅರಗು ಬೇಡ ಎಂದೆ. ಮೂರು ಕಡೆ ತಂತಿಯ ಹಲ್ಲು ಹಾಕಿದ್ದಾನೆ. ಅಂಚು ತೆರೆದಿದೆ, ಹೆಸರು ಕಾಣುತ್ತದೆ. ಆದರೆ ನೀರು ಹಾಕಲು ಕೈ ಏಳಲಿಲ್ಲ. ಕುದುರೆಯ ಮೇಲೆ ಆ ಇಂಗ್ರೇಜಿ ಜನರಲ್ ಕೂತಿದ್ದಾನೆ. ಮುಂದೆ ನಿನ್ನ ಮಾಸ್ತರನ ಮುತ್ತಜ್ಜ ಕತ್ತಿ ಕೆಳಗಿಡುತ್ತಿದ್ದಾನೆ. ಬೆನ್ನಿಗೆ ರಾಣಿ. ಸುತ್ತಲೂ ಮಾಬುಸಾಬ. ಇವರೆಲ್ಲರ ನಡುವೆ ನನ್ನ ಮೈಲಾರಲಿಂಗ ಎಲ್ಲಿ ಕೂತಿದ್ದಾನೆ ಎಂದು ಹುಡುಕುತ್ತಿದ್ದೆ.

"ಯಾಕ ಕುಂತಿ?" ಎಂದು ಫಕ್ರು ಹೊರಗಿನಿಂದ ಕೇಳಿದ.

"ಯಾರ ಹೆಸರ ಹೇಳಿ ನೀರ ಹಾಕ್ಲಿ ತಿಳೀವಲ್ದು" ಎಂದೆ.

ಅದಕ್ಕೆ ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಶಂಭ್ಯಾ, ಊರು ಅಂವಗ ಕಾಲಿಗೆ ನೀರ ಕೊಡಲಿಲ್ಲಂತ ನಮ್ಮ ಮನ್ಯಾಗ ಐದ ತಲಿ ಅತ್ತೇವಿ. ಈಗ ನೋಡಿದರ ನಿಮ್ಮ ಮನ್ಯಾಗ ನೂರಾ ಮೂವತ್ತ ವರ್ಷ ದಿನಾ ಮುಂಜಾನೆ ಕೊಟ್ಟೀರಿ. ಗೊತ್ತಿಲ್ದ ಕೊಟ್ಟೀರಿ, ಇರ್ಲಿ. ನೀರು ನೀರ. ಹಾಕು."

ನನ್ನ ಕಣ್ಣು ಮಂಜಾದವು ಶಾರದಾ. ಹೆಸರು ಯಾವುದನ್ನೂ ಹೇಳಲಿಲ್ಲ. ತಂಬಿಗೆ ಬಗ್ಗಿಸಿದೆ. ನೀರು ಕುದುರೆಯ ಮೇಲಿಂದ ಇಳಿದು, ಬಾಗಿದವರ ಮೇಲಿಂದ ಇಳಿದು, ಅಂಚಿನ ಅಕ್ಷರಗಳ ಸುತ್ತ ತಿರುಗಿ ತಟ್ಟೆಗೆ ಬಿತ್ತು. ಬಿಲ್ಲೆ ಈ ಸಲ ಸಪ್ಪಳ ಮಾಡಲಿಲ್ಲ.

ಫಕ್ರು ಕೂತಲ್ಲಿಂದಲೇ, "ಇನ್ನಷ್ಟು ಹಾಕು, ದೂರದಿಂದ ನಡಕೊಂತ ಬಂದಾನ" ಎಂದ. ನಾನು ತಂಬಿಗೆ ಪೂರ್ತಿ ಬಗ್ಗಿಸಿದೆ.

ನಿನ್ನ ಅಪ್ಪ
ಶಂಭುಲಿಂಗಪ್ಪ